ನ್ಯಾಯದ ಹೊಸ್ತಿಲಲ್ಲಿ 405 ಡಾಲರು



ಕನ್ನಡದಲ್ಲಿ ‘ಪಾಪರ್ ಚೀಟಿ’ ಎಂಬ ಮಾತಿದೆ. ವ್ಯಾಪಾರದಲ್ಲಿ ಮುಳುಗಿ, ಸಾಲ ಕೊಟ್ಟವರ ಮುಂದೆ ಕೈಚೆಲ್ಲಿದವನನ್ನು ‘ಪಾಪರ್ ಚೀಟಿ ತೆಗೆದುಕೊಂಡ’ ಎಂದು ಊರಿನ ಕಟ್ಟೆಯ ಮೇಲೆ ಕುಳಿತವರು ಹೇಳುತ್ತಿದ್ದರು. ಆ ಮಾತಿನಲ್ಲಿ ಕನಿಕರಕ್ಕಿಂತ ಗೇಲಿಯ ಪಾಲೇ ಹೆಚ್ಚು. ಬ್ರಿಟಿಷರ ಕೋರ್ಟುಗಳ ಮೂಲಕ ಕನ್ನಡಕ್ಕೆ ಇಳಿದ ಈ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಬಡವ ಎಂದಷ್ಟೇ ಅರ್ಥ, ಗೇಲಿಯಿಲ್ಲ. ಅದೇ ಪದ ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ನ್ಯಾಯಾಲಯದ ಶುಲ್ಕ ಕಟ್ಟಲಾಗದವರು ಶುಲ್ಕವಿಲ್ಲದೆ ದಾವೆ ಹೂಡಲು ಅನುಮತಿ ಕೋರುವುದಕ್ಕೆ ‘ಇನ್ ಫಾರ್ಮಾ ಪಾಪರಿಸ್’ ಎಂದು ಹೆಸರು. ಬಡವರ ರೀತಿಯಲ್ಲಿ ನ್ಯಾಯ ಕೇಳುವುದು ಎಂದು ಅದರ ಅರ್ಥ.

ಈ ಅರ್ಜಿಯ ಹಾಳೆ ಒಂದು ಕನ್ನಡ ಮನೆಯ ಅಡುಗೆಮನೆಯ ಮೇಜಿನ ಮೇಲೆ ಬಂದು ಕುಳಿತಾಗ ಏನಾಗುತ್ತದೆ ಎಂಬುದು ಈ ಉಪನ್ಯಾಸದ ವಿಷಯ.

ಆ ಮನೆಯನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ನ್ಯೂಜೆರ್ಸಿಯ ಒಂದು ಹಳೆಯ ಅಪಾರ್ಟ್‌ಮೆಂಟು. ತುಮಕೂರು ಜಿಲ್ಲೆಯಿಂದ ಬಂದ, ಐವತ್ತು ದಾಟಿದ ಹೆಣ್ಣುಮಗಳು. ಗ್ರೀನ್ ಕಾರ್ಡ್ ಇದೆ. ಗಂಡ ಪೆಟ್ರೋಲ್ ಬಂಕಿನಲ್ಲಿ ಅರೆಕಾಲಿಕ ಕೆಲಸಗಾರ. ಆಕೆ ಹದಿನಾಲ್ಕು ವರ್ಷ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ದುಡಿದವರು. ಒದ್ದೆ ಹೊದಿಕೆಗಳ ಭಾರ ಹೊತ್ತ ಕೈಗಳ ಗೆಣ್ಣುಗಳಲ್ಲಿ ಸಂಧಿವಾತ ಸೇರಿಕೊಂಡಿತು. ಮೊದಲು ಬೆಳಗಿನ ಹೊತ್ತು ಬೆರಳು ಮಡಚಲಾಗುತ್ತಿರಲಿಲ್ಲ. ಆಮೇಲೆ ಇಡೀ ದಿನ ಹಾಗೆಯೇ ಆಯಿತು. ಕೆಲಸ ಬಿಡಬೇಕಾಯಿತು. ಇದು ಯಾರೊಬ್ಬರ ನಿಜಜೀವನದ ವರದಿಯಲ್ಲ. ಕಾನೂನಿನ ಒಣ ಕಲಮುಗಳು ಒಂದು ಸಂಸಾರದೊಳಗೆ ಹೇಗೆ ನಡೆದಾಡುತ್ತವೆ ಎಂದು ನೋಡಲು ಬಿಡಿಸಿಕೊಂಡ ಚಿತ್ರ. ಆದರೆ ಅನಿವಾಸಿ ಕನ್ನಡಿಗರೆಂದರೆ ಸಾಫ್ಟ್‌ವೇರಿನವರು, ವೈದ್ಯರು, ಪ್ರಾಧ್ಯಾಪಕರು ಎಂಬ ರೂಢಿಯ ಚಿತ್ರದಲ್ಲಿ ಆಕೆಗೆ ಜಾಗವಿಲ್ಲ ಎಂಬುದನ್ನು ಆರಂಭದಲ್ಲೇ ಗಮನಿಸಬೇಕು.

ಆಕೆ ಕೇಳಿದ್ದು ದಾನವನ್ನಲ್ಲ. ಅಮೆರಿಕದಲ್ಲಿ ಅಂಗವೈಕಲ್ಯ ವಿಮೆ 1956ರ ಕಾಯ್ದೆಯಿಂದ ಆರಂಭವಾಯಿತು. ಮೊದಲಿಗೆ ಐವತ್ತು ವಯಸ್ಸು ದಾಟಿದವರಿಗೆ ಮಾತ್ರ ಇದ್ದ ಸೌಲಭ್ಯದಿಂದ 1960ರಲ್ಲಿ ಆ ವಯೋಮಿತಿಯನ್ನು ತೆಗೆಯಲಾಯಿತು. ದುಡಿಯುವವರ ಸಂಬಳದಲ್ಲಿ ಶೇಕಡಾ 6.2ರಷ್ಟು ಸೋಷಿಯಲ್ ಸೆಕ್ಯುರಿಟಿ ತೆರಿಗೆಯಾಗಿ ಕಡಿತವಾಗುತ್ತದೆ. ಅಷ್ಟನ್ನೇ ಮಾಲೀಕರೂ ಸೇರಿಸುತ್ತಾರೆ. ಮುಪ್ಪಿನ ಪಿಂಚಣಿಯಂತೆ ಅಂಗವೈಕಲ್ಯದ ಭತ್ಯೆಯೂ ಈ ಬೊಕ್ಕಸದಿಂದಲೇ ಬರುತ್ತದೆ. ಇದಲ್ಲದೆ, ಸಾಕಷ್ಟು ವರ್ಷ ದುಡಿದ ದಾಖಲೆಯಿಲ್ಲದ ಬಡ ವೃದ್ಧರಿಗೂ ಅಂಗವಿಕಲರಿಗೂ 1972ರ ಕಾಯ್ದೆಯ ಮೂಲಕ ಇನ್ನೊಂದು ನೆರವು ರೂಪುಗೊಂಡು 1974ರಲ್ಲಿ ಜಾರಿಗೆ ಬಂತು. ಲಾಂಡ್ರಿಯ ಹೆಣ್ಣುಮಗಳು ಅರ್ಜಿ ಹಾಕಿದ್ದು ಮೊದಲನೆಯದಕ್ಕೆ. ಹದಿನಾಲ್ಕು ವರ್ಷ ತಾನೇ ತೆತ್ತ ವಿಮೆಯ ಬಾಬ್ತು ಅದು.

ಅರ್ಜಿ ತಿರಸ್ಕೃತವಾಯಿತು. ಮರುಪರಿಶೀಲನೆ ಕೇಳಿದರು, ಅದೂ ತಿರಸ್ಕೃತವಾಯಿತು. ಆಡಳಿತಾತ್ಮಕ ನ್ಯಾಯಾಧೀಶರ ಮುಂದೆ ವಿಚಾರಣೆ ನಡೆಯಿತು. ಲಾಂಡ್ರಿಯ ಕೆಲಸ ಆಕೆಯಿಂದ ಆಗದು ಎಂಬುದನ್ನು ನ್ಯಾಯಾಧೀಶರು ಒಪ್ಪಿದರು; ಆದರೆ ದೇಶದಲ್ಲಿ ಆಕೆ ಮಾಡಬಹುದಾದ ಬೇರೆ ಹಗುರ ಕೆಲಸಗಳಿವೆ ಎಂದು ಬರೆದರು. ಕೊನೆಗೆ ಅಪೀಲ್ಸ್ ಕೌನ್ಸಿಲ್ ಕೂಡ ಪ್ರಕರಣವನ್ನು ಪರಿಶೀಲಿಸಲು ಒಪ್ಪಲಿಲ್ಲ. ಈ ನಾಲ್ಕು ಮೆಟ್ಟಿಲುಗಳಲ್ಲಿ ಎಲ್ಲಿಯೂ ಶುಲ್ಕವಿರಲಿಲ್ಲ. ಐದನೆಯ ಮೆಟ್ಟಿಲು ಫೆಡರಲ್ ಜಿಲ್ಲಾ ನ್ಯಾಯಾಲಯ. ಇಲಾಖೆಯ ಹೊರಗಿನ, ಇಲಾಖೆಯ ತಪ್ಪನ್ನು ತಪ್ಪೆಂದು ಹೇಳಬಲ್ಲ ಮೊದಲ ಬಾಗಿಲು ಅದೇ. ಆ ಬಾಗಿಲಲ್ಲಿ ಸಿವಿಲ್ ದಾವೆಗೆ ಶಾಸನ ವಿಧಿಸಿದ ಶುಲ್ಕ 350 ಡಾಲರು. 2023ರ ಡಿಸೆಂಬರಿನಿಂದ ಆಡಳಿತ ವೆಚ್ಚವೆಂದು ಇನ್ನೂ 55 ಡಾಲರು. ಒಟ್ಟು 405.

ಜೊತೆಗೆ ಗಡುವು. ಕೌನ್ಸಿಲಿನ ಪತ್ರ ಕೈಸೇರಿದ ಮೇಲೆ 60 ದಿನಗಳೊಳಗೆ ದಾವೆ ಹೂಡಬೇಕು. ಪತ್ರದ ತಾರೀಖಿನಿಂದ ಐದು ದಿನಗಳಲ್ಲಿ ಅದು ತಲುಪಿದೆ ಎಂದು ನಿಯಮ ಭಾವಿಸಿಕೊಳ್ಳುತ್ತದೆ. ಎರಡು ತಿಂಗಳೆಂದರೆ ಸಾಕಷ್ಟು ದೀರ್ಘ ಎನಿಸಬಹುದು. ಆದರೆ ಎರಡು ಮೂರು ವರ್ಷ ಅರ್ಜಿಗಳ ನಡುವೆ ಸವೆದ, ವಕೀಲರಿಲ್ಲದ, ಇಂಗ್ಲಿಷಿನ ಪತ್ರವನ್ನು ಯಾರಿಂದಲೋ ಓದಿಸಿಕೊಳ್ಳಬೇಕಾದ ಮನೆಯಲ್ಲಿ ಅದು ಬೇಗ ಕರಗುತ್ತದೆ. ನಾಚಿಕೆ ಒಂದು ಮನೆಯಲ್ಲಿ ಎಷ್ಟು ದಿನ ಸುಮ್ಮನೆ ಕುಳಿತಿರುತ್ತದೆಯೋ ಅಷ್ಟು ದಿನಗಳು ಆ ಅರವತ್ತರಲ್ಲೇ ಕಳೆಯುತ್ತವೆ.

ಎಡಿಸನ್ನಿನಲ್ಲಿರುವ ತಮ್ಮನಿಗೆ ವಿಷಯ ಗೊತ್ತಾಗುತ್ತದೆ ಎಂದುಕೊಳ್ಳೋಣ. ಆತ ತಕ್ಷಣ ಹೇಳುವ ಮಾತು ಬಹುಮಟ್ಟಿಗೆ ಊಹಿಸಬಹುದಾದದ್ದೇ: “ಅಕ್ಕ, ನಾನೂರು ಡಾಲರು ನಾನೇ ಕೊಡ್ತೀನಿ. ಆ ಫಾರಂ ಮಾತ್ರ ತುಂಬಬೇಡ. ನಾಳೆ ಯಾರಿಗಾದರೂ ಗೊತ್ತಾದರೆ?”

ಅಕ್ಕನ ಉತ್ತರ: “ಬಾಡಿಗೆಗೆ ನಿನ್ನ ಹತ್ತಿರ ಕೈ ಚಾಚಿದ್ದೀನಿ, ಔಷಧಿಗೆ ಚಾಚಿದ್ದೀನಿ. ನಿನ್ನ ಹತ್ತಿರ ಕೇಳಿದರೆ ಮರ್ಯಾದೆ, ಕೋರ್ಟಿನ ಹತ್ತಿರ ಕೇಳಿದರೆ ಅವಮಾನ. ಇದು ಯಾವ ಲೆಕ್ಕ ಕಣೋ?”

ಇಂದಿನ ಚರ್ಚೆಯ ತಿರುಳು ಈ ಪ್ರಶ್ನೆಯಲ್ಲಿದೆ. ತಮ್ಮನ ಪ್ರೀತಿ ಸುಳ್ಳಲ್ಲ. ಆದರೆ ಅವನ ಹಣ ಅಕ್ಕನನ್ನು ಋಣಿಯಾಗಿಸುತ್ತದೆ. ಕಾನೂನಿನ ವಿನಾಯಿತಿ ಆಕೆಯನ್ನು ವಾದಿಯಾಗಿಸುತ್ತದೆ. ಇವೆರಡೂ ಬೇರೆ ಬೇರೆ ಸ್ಥಾನಗಳು. ಒಂದರಲ್ಲಿ ಆಕೆ ಮನೆತನದ ಮುಚ್ಚಿಟ್ಟ ಸಂಗತಿ, ಇನ್ನೊಂದರಲ್ಲಿ ಸರ್ಕಾರದ ವಿರುದ್ಧ ದಾವೆ ಹೂಡಿದ ವ್ಯಕ್ತಿ.

ಈ ವಿನಾಯಿತಿಯ ಇತಿಹಾಸವನ್ನು ನೋಡಿದರೆ ಅದು ದಯೆಯಿಂದ ಹಕ್ಕಿನ ಕಡೆಗೆ ನಿಧಾನವಾಗಿ ನಡೆದು ಬಂದಿರುವುದು ಕಾಣುತ್ತದೆ. ಇಂಗ್ಲೆಂಡಿನಲ್ಲಿ ಏಳನೆಯ ಹೆನ್ರಿಯ ಕಾಲದಲ್ಲಿ, 1495ರಲ್ಲಿ, ಬಡವರು ಶುಲ್ಕವಿಲ್ಲದೆ ದಾವೆ ಹೂಡಲು, ಅವರಿಗೆ ವಕೀಲರನ್ನು ಒದಗಿಸಲು ಶಾಸನವಾಯಿತು. ಅಮೆರಿಕದ ಕಾಂಗ್ರೆಸ್ಸು ಫೆಡರಲ್ ನ್ಯಾಯಾಲಯಗಳಿಗೆ ಇಂಥ ಕಾಯ್ದೆ ಮಾಡಿದ್ದು 1892ರಲ್ಲಿ. ಆ ಕಾಯ್ದೆಯಲ್ಲಿ ವಿನಾಯಿತಿ ಇದ್ದದ್ದು ‘ಪ್ರಜೆ’ಗೆ, ಅಂದರೆ ಅಮೆರಿಕದ ಪೌರತ್ವ ಉಳ್ಳವರಿಗೆ ಮಾತ್ರ. ವಲಸೆ ಬಂದವರು ಎಷ್ಟೇ ಬಡವರಾಗಿದ್ದರೂ ಶುಲ್ಕ ತೆರಲೇಬೇಕಿತ್ತು. 1959ರಲ್ಲಿ ಕಾಂಗ್ರೆಸ್ಸು ಆ ಒಂದು ಪದವನ್ನು ಬದಲಿಸಿ ‘ವ್ಯಕ್ತಿ’ ಎಂದು ಬರೆಯಿತು. ಇಂದು ಗ್ರೀನ್ ಕಾರ್ಡಿನ ಹೆಣ್ಣುಮಗಳೊಬ್ಬಳು ಆ ಅರ್ಜಿಯನ್ನು ಕೈಗೆತ್ತಿಕೊಳ್ಳಬಲ್ಲಳು ಎಂದರೆ ಆ ಒಂದು ಪದದ ಬದಲಾವಣೆಯೇ ಕಾರಣ.

ಎಷ್ಟು ಬಡವರಾದರೆ ಬಡವರು? ಈ ಪ್ರಶ್ನೆಗೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ಆಡ್ಕಿನ್ಸ್ ಪ್ರಕರಣದಲ್ಲಿ ಉತ್ತರಿಸಿತು. ಕಾರ್ಮಿಕರ ಓವರ್‌ಟೈಮ್ ಕೂಲಿಗೆ ಸಂಬಂಧಿಸಿದ ದಾವೆ ಅದು. ತೀರ್ಪು ಬರೆದವರು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್. ವಿನಾಯಿತಿ ಪಡೆಯಲು ಮನುಷ್ಯ ಸಂಪೂರ್ಣ ನಿರ್ಗತಿಕನಾಗಬೇಕಿಲ್ಲ. ಶುಲ್ಕ ತೆತ್ತರೆ ತನಗೂ ತನ್ನನ್ನು ನಂಬಿದವರಿಗೂ ಬದುಕಿನ ಅಗತ್ಯಗಳನ್ನು ಪೂರೈಸಲಾಗದು ಎಂದು ಪ್ರಮಾಣೀಕರಿಸಿದರೆ ಸಾಕು ಎಂಬುದು ಅದರ ಸಾರ. ಕೊನೆಯ ಡಾಲರನ್ನೂ ತೆತ್ತು ಬೀದಿಗೆ ಬರಬೇಕು ಎಂದು ಕಾಯ್ದೆಯನ್ನು ಅರ್ಥೈಸಿದರೆ, ಕಾಯ್ದೆ ಯಾರಿಗಾಗಿ ಇದೆಯೋ ಅವರಿಗೇ ನಿಷ್ಪ್ರಯೋಜಕವಾಗುತ್ತದೆ ಎಂದು ನ್ಯಾಯಾಲಯ ವಿವೇಚಿಸಿತು. ಬ್ಯಾಂಕಿನಲ್ಲಿ ಇನ್ನೂರು ಡಾಲರು ಉಳಿದಿದೆ, ಹಳೆಯ ಕಾರೊಂದಿದೆ ಎಂಬ ಕಾರಣಕ್ಕೆ ತಾವು ಅರ್ಹರಲ್ಲವೆಂದು ಅರ್ಜಿಯನ್ನೇ ಹಾಕದೆ ಬಿಡುವವರು ಈ ಮಾತನ್ನು ತಿಳಿದಿರಬೇಕು.

ಇನ್ನು ಅರ್ಜಿಯ ನಮೂನೆಗೆ ಬರಬಹುದು. ಫೆಡರಲ್ ನ್ಯಾಯಾಲಯಗಳಲ್ಲಿ ಚಿಕ್ಕದೊಂದು, ದೊಡ್ಡದೊಂದು ಎಂದು ಎರಡು ನಮೂನೆಗಳು ಸಾಮಾನ್ಯವಾಗಿ ಬಳಕೆಯಲ್ಲಿವೆ. ಕೆಲವು ನ್ಯಾಯಾಲಯಗಳು ತಮ್ಮದೇ ನಮೂನೆ ಇಟ್ಟುಕೊಂಡಿವೆ. ದೊಡ್ಡದರಲ್ಲಿ ಸಂಗಾತಿಯ ಆದಾಯವನ್ನೂ ತಿಂಗಳ ಖರ್ಚುಗಳನ್ನೂ ವಿವರವಾಗಿ ಕೇಳುತ್ತಾರೆ. ನೋಟರಿಯ ಮುದ್ರೆ ಬೇಕಿಲ್ಲ. ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿಯಾಗುವೆನೆಂದು ಒಪ್ಪಿ ಹಾಕುವ ಸಹಿಯೇ ಪ್ರಮಾಣ. ಪ್ರಶ್ನೆಗಳು ನೇರವಾಗಿವೆ. ಆದರೆ ಒಂದು ಕನ್ನಡ ಸಂಸಾರದಲ್ಲಿ ಅವುಗಳ ಉತ್ತರಗಳು ಅಷ್ಟು ನೇರವಾಗಿರುವುದಿಲ್ಲ.

ಕಳೆದ ಹನ್ನೆರಡು ತಿಂಗಳಲ್ಲಿ ಬಂದ ಉಡುಗೊರೆಗಳು ಯಾವುವು ಎಂಬುದು ಒಂದು ಪ್ರಶ್ನೆ. ತಮ್ಮ ಮೂರು ತಿಂಗಳು ಬಾಡಿಗೆಗೆ ಕೊಟ್ಟ ಹಣವನ್ನು ಆಕೆ ಉಡುಗೊರೆ ಎಂದುಕೊಂಡಿಲ್ಲ, ಸಾಲವೆಂದೂ ಬರೆದಿಟ್ಟಿಲ್ಲ. ತಮ್ಮನಂತೂ ಅದರ ಮಾತೇ ಎತ್ತುವುದಿಲ್ಲ. ಆದರೂ ಅದನ್ನು ಬರೆಯಬೇಕು: ಇಷ್ಟು ಹಣ, ಇಂತಿಂಥ ತಿಂಗಳು, ಮುಂದೆ ಬರುವ ಖಾತ್ರಿಯಿಲ್ಲ. ಬಂಧುಗಳ ನೆರವನ್ನು ಆದಾಯವೆಂದು ಎಣಿಸುವ ಚಾಳಿ ಈ ವ್ಯವಸ್ಥೆಯಲ್ಲಿ ಆಳವಾಗಿದೆ. ಬಡ ಅಂಗವಿಕಲರಿಗೆ ಸಿಗುವ ಇನ್ನೊಂದು ಭತ್ಯೆಯಲ್ಲಿ, ಬಂಧುಗಳ ಮನೆಯಲ್ಲಿ ಉಂಡ ಊಟದ ಬೆಲೆಯನ್ನು ಕೂಡ ಆದಾಯವೆಂದು ಲೆಕ್ಕ ಹಿಡಿಯುತ್ತಿದ್ದರು. ಆ ನಿಯಮ ಬದಲಾದದ್ದು 2024ರ ಸೆಪ್ಟೆಂಬರ್ ಕೊನೆಯಲ್ಲಿ. ಅಣ್ಣನ ಮನೆಯ ತುತ್ತು ಅನ್ನಕ್ಕೆ ಲೆಕ್ಕ ಬರೆಯುವುದನ್ನು ಬಿಡಲು ಆ ವ್ಯವಸ್ಥೆಗೆ ಐವತ್ತು ವರ್ಷ ಬೇಕಾಯಿತು.

ಎರಡನೆಯದು, ಬೆಲೆಬಾಳುವ ವಸ್ತುಗಳ ಪ್ರಶ್ನೆ. ಕಾರು, ಆಸ್ತಿ, ಷೇರುಗಳ ಜೊತೆಗೆ ‘ಒಡವೆ’ ಎಂಬ ಪದವೂ ಆ ಪಟ್ಟಿಯಲ್ಲಿದೆ. ಆಕೆಯ ಕೈ ತನಗರಿವಿಲ್ಲದೆ ಕೊರಳ ಮಾಂಗಲ್ಯದ ಮೇಲೆ ಹೋಗುತ್ತದೆ. ಎರಡು ತಾಳಿ, ನಾಲ್ಕು ಗುಂಡು, ಕರಿಮಣಿ. ಇದನ್ನು ಬರೆಯಬೇಕೆ? ಬರೆದರೆ ಮಾರಿ ಬನ್ನಿ ಎನ್ನುತ್ತಾರೆಯೇ? ಮುಚ್ಚಿಟ್ಟರೆ ಸುಳ್ಳಾಗುತ್ತದೆಯೇ?

ಈ ಅಳುಕಿಗೆ ಉತ್ತರಗಳು ಎರಡೂ ದೇಶಗಳ ಕಾನೂನಿನಲ್ಲಿವೆ. ಭಾರತದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು, ಸಾಲಗಾರನ ಉಟ್ಟ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆಗಳ ಜೊತೆಯಲ್ಲಿ, ಧಾರ್ಮಿಕ ರೂಢಿಯಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಆಭರಣವನ್ನೂ ಜಪ್ತಿಯಿಂದ ಹೊರಗಿಟ್ಟಿದೆ. ಅದೇ ಸಂಹಿತೆಯ 33ನೆಯ ಆದೇಶದಂತೆ ಬಡವರು ಕೋರ್ಟ್ ಫೀಯಿಲ್ಲದೆ ದಾವೆ ಹೂಡಲು ಕೇಳಿದಾಗ, ಹೀಗೆ ಜಪ್ತಿಗೆ ಒಳಪಡದ ವಸ್ತುಗಳನ್ನು ಅವರ ಆಸ್ತಿಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅಮೆರಿಕದ ಶುಲ್ಕ ವಿನಾಯಿತಿಯ ನಮೂನೆಯಲ್ಲಿ ಇಷ್ಟು ಸ್ಪಷ್ಟವಾದ ಹೊರತುಗಳಿಲ್ಲ. ಆದರೆ ಸೋಷಿಯಲ್ ಸೆಕ್ಯುರಿಟಿಯ ನಿಯಮಗಳೇ ತಮ್ಮ ಬಡವರ ಭತ್ಯೆಗೆ ಆಸ್ತಿಯನ್ನು ಅಳೆಯುವಾಗ ಮದುವೆಯ ಉಂಗುರವನ್ನೂ, ಧಾರ್ಮಿಕ ಹಾಗೂ ಸಾಂಸ್ಕೃತಿಕ ಮಹತ್ವದ ವಸ್ತುಗಳನ್ನೂ ಹೊರಗಿಡುತ್ತವೆ. ಹೂಡಿಕೆಗೆಂದು ಕೊಂಡಿಟ್ಟ ಚಿನ್ನಕ್ಕೆ ಮಾತ್ರ ಆ ರಕ್ಷಣೆಯಿಲ್ಲ. ಆದ್ದರಿಂದ ಆಕೆ ಅಂಜದೆ ಬರೆಯಬಹುದು: ‘ಮದುವೆಯಲ್ಲಿ ಕಟ್ಟಿದ, ದಿನವೂ ಧರಿಸುವ ತಾಳಿ, ಮಾರಾಟಕ್ಕಲ್ಲ.’ ಮುಚ್ಚಿಟ್ಟದ್ದು ಹೊರಬಿದ್ದರೆ ಅಪಾಯ ದೊಡ್ಡದು. ಬಡತನದ ಹೇಳಿಕೆ ಸುಳ್ಳೆಂದು ಕಂಡುಬಂದರೆ ದಾವೆಯನ್ನೇ ವಜಾ ಮಾಡಬೇಕೆಂದು ಕಾಯ್ದೆ ಹೇಳುತ್ತದೆ. ವಿವರಿಸಿ ಹೇಳಿದ್ದನ್ನು ನ್ಯಾಯಾಧೀಶರು ತೂಗಿ ನೋಡಬಲ್ಲರು.

ಮೂರನೆಯದು ಇನ್ನೂ ಜಟಿಲ. ಬೇರೆಯವರ ಹೆಸರಿನಲ್ಲಿದ್ದರೂ ಅರ್ಜಿದಾರರಿಗೆ ಸೇರಿದ ಬೆಲೆಯುಳ್ಳ ವಸ್ತುವನ್ನು ತಿಳಿಸಬೇಕೆಂದು ಚಿಕ್ಕ ನಮೂನೆ ಕೇಳುತ್ತದೆ. ತುಮಕೂರಿನ ಹತ್ತಿರ ಎರಡು ಎಕರೆ ರಾಗಿ ಹೊಲ, ಪಿತ್ರಾರ್ಜಿತ. ಪಹಣಿಯಲ್ಲಿ ಇನ್ನೂ ತೀರಿಕೊಂಡ ತಂದೆಯ ಹೆಸರೇ ಇದೆ, ಉಳುತ್ತಿರುವವರು ಅಣ್ಣಂದಿರು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳನ್ನೂ ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳೆಂದು ಒಪ್ಪಿದೆ. ಕಾಗದದ ಮೇಲೆ ಆಕೆಗೆ ಪಾಲಿದೆ. ಆ ಪಾಲಿನಿಂದ ಒಂದು ಸೇರು ರಾಗಿಯೂ ಆಕೆಯ ಮನೆಗೆ ಬಂದಿಲ್ಲ. ಊರಿನಲ್ಲಿ ‘ಹೆಣ್ಣುಮಕ್ಕಳಿಗೆಂಥ ಪಾಲು’ ಎಂದು ಕೊಡದೆ ಉಳಿದ ಹಕ್ಕು, ಇಲ್ಲಿ ‘ನಿನಗೆ ಆಸ್ತಿಯಿದೆ’ ಎಂದು ಆಕೆಯ ವಿರುದ್ಧ ನಿಲ್ಲಬಹುದಾದ ವಿಪರ್ಯಾಸವನ್ನು ಸ್ತ್ರೀವಾದಿ ಚಿಂತನೆ ಗಂಭೀರವಾಗಿ ಗಮನಿಸಬೇಕು. ಇಲ್ಲಿಯೂ ದಾರಿ ಒಂದೇ: ಇರುವುದನ್ನು ಇರುವಂತೆ ಬರೆಯುವುದು. ಪಾಲಾಗಿಲ್ಲ, ಕೈಗೆ ಬಂದಿಲ್ಲ, ಅರವತ್ತು ದಿನಗಳಲ್ಲಿ ಹಣವಾಗುವಂಥದ್ದಲ್ಲ ಎಂದು ವಿವರಿಸುವುದು. ಬಹುಶಃ ಆಕೆ ತನ್ನ ಹಕ್ಕನ್ನು ತಾನೇ ಕಾಗದದ ಮೇಲೆ ಬರೆಯುತ್ತಿರುವುದು ಇದೇ ಮೊದಲ ಸಲ.

ನಾಲ್ಕನೆಯದು, ಆಕೆಯನ್ನು ಅವಲಂಬಿಸಿದವರು. ಮಕ್ಕಳು ದೊಡ್ಡವರಾಗಿದ್ದಾರೆ, ‘ಯಾರೂ ಇಲ್ಲ’ ಎಂದು ಬರೆಯಲು ಹೊರಡುತ್ತಾರೆ. ಆದರೆ ಊರಿನಲ್ಲಿರುವ ತಾಯಿಯ ಔಷಧಿಗೆ ತಿಂಗಳು ತಿಂಗಳೂ ಒಂದಿಷ್ಟು ಹಣ ಹೋಗುತ್ತಿದೆ. ಅದನ್ನು ಯಾರೂ ಖರ್ಚೆಂದು ಎಣಿಸಿಲ್ಲ, ಆಕೆಯೂ ಎಣಿಸಿಲ್ಲ. ಯಾರು ಅವಲಂಬಿತರು, ಸಂಬಂಧವೇನು, ಎಷ್ಟು ಕೊಡುತ್ತೀರಿ ಎಂದು ನಮೂನೆ ಕೇಳುತ್ತದೆ. ಒಂದೇ ಸೂರಿನಡಿ ಇರಬೇಕೆಂದು ಹೇಳುವುದಿಲ್ಲ. ಬಡತನದ ಪಟ್ಟಿ ತುಂಬಲು ಕುಳಿತ ಹೆಣ್ಣುಮಗಳು ತಾನು ಇನ್ನೊಬ್ಬರಿಗೆ ಆಸರೆಯಾಗಿರುವುದನ್ನು ಅದೇ ಪಟ್ಟಿಯಲ್ಲಿ ಕಾಣುತ್ತಾಳೆ.

ಹೀಗೆ ತುಂಬಿದ ಅರ್ಜಿಯನ್ನು ದಾವೆಯ ಜೊತೆಗೇ ಸಲ್ಲಿಸಬಹುದು. ಮೊದಲು ವಿನಾಯಿತಿ ಸಿಗಲಿ, ಆಮೇಲೆ ದಾವೆ ಎಂದು ಕಾಯುತ್ತ ಕುಳಿತರೆ ಗಡುವು ಮೀರುತ್ತದೆ. 2022ರ ಡಿಸೆಂಬರಿನಿಂದ ಸೋಷಿಯಲ್ ಸೆಕ್ಯುರಿಟಿ ದಾವೆಗಳಿಗೆ ಪ್ರತ್ಯೇಕ ಸರಳ ನಿಯಮಗಳು ಬಂದಿವೆ. ದಾವೆಯ ಅರ್ಜಿ ಚಿಕ್ಕದಾಗಿರಬಹುದು. ಸರ್ಕಾರಕ್ಕೆ ಸಮನ್ಸ್ ತಲುಪಿಸುವ ಹೊಣೆಯೂ ಈಗ ವಾದಿಯ ಮೇಲಿಲ್ಲ, ನ್ಯಾಯಾಲಯವೇ ವಿದ್ಯುನ್ಮಾನ ಸೂಚನೆಯ ಮೂಲಕ ತಿಳಿಸುತ್ತದೆ. ವಿನಾಯಿತಿ ಮಂಜೂರಾದವರಿಗೆ 350ರ ಮುಂಗಡವೂ ಇಲ್ಲ, 55ರ ಆಡಳಿತ ವೆಚ್ಚವೂ ಇಲ್ಲ. ತಿರಸ್ಕೃತವಾದರೆ ಅದು ಕೊನೆಯಲ್ಲ: ಶುಲ್ಕ ಕಟ್ಟಲು ಸಾಮಾನ್ಯವಾಗಿ ಕಾಲಾವಕಾಶ ಸಿಗುತ್ತದೆ; ಆ ನಿರಾಕರಣೆಯ ಮೇಲೆಯೇ ಮೇಲ್ಮನವಿ ಸಲ್ಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 1950ರಲ್ಲೇ ಹೇಳಿದೆ. ಅರವತ್ತು ದಿನ ಸಾಲದಿದ್ದವರು ಸಕಾರಣ ತೋರಿಸಿ ಅಪೀಲ್ಸ್ ಕೌನ್ಸಿಲಿನಿಂದ ಹೆಚ್ಚಿನ ಸಮಯ ಕೇಳಬಹುದು.

ಆದರೂ ಈ ವಿನಾಯಿತಿ ಎಷ್ಟು ಭದ್ರ? ಇಲ್ಲಿ 1970ರ ದಶಕದ ಮೂರು ತೀರ್ಪುಗಳನ್ನು ನೆನೆಯಬೇಕು. 1971ರಲ್ಲಿ ಬಾಡಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಶುಲ್ಕ ತೆರಲಾಗದ ಬಡವರಿಗೆ ವಿಚ್ಛೇದನದ ಬಾಗಿಲು ಮುಚ್ಚುವುದು ಸಂವಿಧಾನಬಾಹಿರ ಎಂದಿತು. ಬಡವರ ಪರ ವಕೀಲರಲ್ಲಿ ಆಸೆ ಚಿಗುರಿತು. 1973ರಲ್ಲಿ ಕ್ರಾಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ದಿವಾಳಿ ಅರ್ಜಿಯ 50 ಡಾಲರು ಶುಲ್ಕವನ್ನು ಎತ್ತಿಹಿಡಿಯಿತು. ಕಂತಿನಲ್ಲಿ ಕಟ್ಟಿದರೆ ವಾರಕ್ಕೆ 1.28 ಡಾಲರು, ಒಂದು ಸಿನಿಮಾ ಟಿಕೆಟಿಗಿಂತ ಕಡಿಮೆ ಎಂದು ಬಹುಮತದ ತೀರ್ಪು ಲೆಕ್ಕ ಹಾಕಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್, ಬಡವರನ್ನು ಹತ್ತಿರದಿಂದ ಬಲ್ಲ ಯಾರೂ ಆ ಮೊತ್ತವನ್ನು ಕ್ಷುಲ್ಲಕ ಎನ್ನಲಾರರು ಎಂಬ ಅರ್ಥದಲ್ಲಿ ಬರೆದರು. ಅದೇ ವರ್ಷ ಆರ್ಟ್‌ವೈನ್ ಪ್ರಕರಣ ಬಂತು. ಆರಿಗನ್ ರಾಜ್ಯದಲ್ಲಿ ಸರ್ಕಾರಿ ನೆರವು ಕಡಿತಗೊಂಡ ಬಡವರು ಆ ಕಡಿತವನ್ನು ಪ್ರಶ್ನಿಸಿ ಮೇಲ್ಮನವಿ ಸಲ್ಲಿಸಲು 25 ಡಾಲರು ಶುಲ್ಕ ತೆರಬೇಕಿತ್ತು. ಐದು ನ್ಯಾಯಮೂರ್ತಿಗಳು ಅದು ಸರಿ ಎಂದರು, ನಾಲ್ವರು ಒಪ್ಪಲಿಲ್ಲ.

ಇದರ ಅರ್ಥ ಗಂಭೀರವಾದದ್ದು. ನೆರವು ಕಳೆದುಕೊಂಡವರಿಗೆ ಶುಲ್ಕವಿಲ್ಲದೆ ನ್ಯಾಯಾಲಯ ಪ್ರವೇಶಿಸುವ ಸಂವಿಧಾನದತ್ತ ಹಕ್ಕು ಅಮೆರಿಕದಲ್ಲಿ ಸ್ಥಾಪಿತವಾಗಿಲ್ಲ. ಫೆಡರಲ್ ನ್ಯಾಯಾಲಯದಲ್ಲಿ ಆಕೆಗೆ ಆಸರೆಯಾಗಿರುವುದು 1892ರಿಂದ ಬಂದ ಆ ಒಂದು ಶಾಸನ, ಅದನ್ನು ಅನ್ವಯಿಸುವ ನ್ಯಾಯಾಧೀಶರ ವಿವೇಚನೆ. ಬಳಸಿದಷ್ಟೂ ಗಟ್ಟಿಯಾಗುವ, ಬಳಸದೆ ಬಿಟ್ಟರೆ ಯಾರ ಗಮನಕ್ಕೂ ಬಾರದೆ ಸೊರಗುವ ಆಸರೆ ಅದು.

ಬೇರೆ ದಾರಿಗಳು ಇಲ್ಲವೆಂದಲ್ಲ. ಬ್ರಿಟನ್ನಿನಲ್ಲಿ ಅಂಗವೈಕಲ್ಯ ಭತ್ಯೆ ನಿರಾಕೃತರಾದವರು ಸ್ವತಂತ್ರ ನ್ಯಾಯಮಂಡಳಿಗೆ ಹೋಗಲು ಶುಲ್ಕವೇ ಇಲ್ಲ. ಅಲ್ಲಿಯೇ ಉದ್ಯೋಗ ನ್ಯಾಯಮಂಡಳಿಗೆ 2013ರಲ್ಲಿ 1,200 ಪೌಂಡುಗಳವರೆಗೆ ಶುಲ್ಕ ಹೇರಿದಾಗ, ಯೂನಿಸನ್ ಕಾರ್ಮಿಕ ಸಂಘ ದಾವೆ ಹೂಡಿತು. 2017ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಆ ಶುಲ್ಕವನ್ನು ಕಾನೂನುಬಾಹಿರವೆಂದು ರದ್ದುಪಡಿಸಿತು. ಭಾರತದಲ್ಲಿ 1976ರ ತಿದ್ದುಪಡಿ ಸಿವಿಲ್ ಸಂಹಿತೆಯಿಂದ ‘ಪಾಪರ್’ ಎಂಬ ಪದವನ್ನೇ ತೆಗೆದು ‘ನಿರ್ಧನ ವ್ಯಕ್ತಿ’ ಎಂಬರ್ಥದ ಪದವನ್ನಿಟ್ಟಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಮಹಿಳೆಯರಿಗೂ ಅಂಗವಿಕಲರಿಗೂ ಆದಾಯದ ಮಿತಿಯನ್ನು ನೋಡದೆ ಉಚಿತ ಕಾನೂನು ನೆರವಿನ ಅರ್ಹತೆ ಕೊಟ್ಟಿತು. ಕಾಗದಕ್ಕೂ ಜಾರಿಗೂ ನಡುವಿನ ಅಂತರ ಎಲ್ಲರಿಗೂ ಗೊತ್ತಿದೆ. ಆದರೂ ತಾನು ಬಡವಳೆಂದು ಸಾಬೀತುಪಡಿಸದೆ ಅಂಗವಿಕಲ ಹೆಣ್ಣುಮಗಳು ನೆರವು ಕೇಳಬಹುದೆಂಬ ತತ್ವವನ್ನು ಆ ಕಾಯ್ದೆ ಒಪ್ಪಿಕೊಂಡಿದೆ.

ಮತ್ತೆ ಆ ಅಡುಗೆಮನೆಯ ಮೇಜಿಗೆ ಬರಬೇಕು. ತಮ್ಮನ ನಾಚಿಕೆ ಅವನೊಬ್ಬನದಲ್ಲ. ಕನ್ನಡ ಸಂಸ್ಕೃತಿ ಕಾಯಕಕ್ಕೆ ದೊಡ್ಡ ಸ್ಥಾನ ಕೊಟ್ಟಿದೆ. ಅದು ಹೆಮ್ಮೆಯ ಸಂಗತಿ. ಆದರೆ ಮೈ ಸಹಕರಿಸದೆ ದುಡಿಮೆ ನಿಲ್ಲಿಸಿದವರ ಎದೆಯಲ್ಲಿ ಅದೇ ಮೌಲ್ಯ ಅಪರಾಧಭಾವವಾಗಿ ಕೂತುಬಿಡುತ್ತದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಪಕ್ಕದಲ್ಲಿಯೇ ದಾಸೋಹವನ್ನು ಇಟ್ಟಿದ್ದರು ಎಂಬುದು ಆಗ ಮರೆತುಹೋಗುತ್ತದೆ. ಸಂಬಳದಿಂದ ಒಂದು ಪಾಲು ಸಾಮಾನ್ಯ ಬೊಕ್ಕಸಕ್ಕೆ ಹೋಗಿ, ದುಡಿಯಲಾಗದ ದಿನ ಮರಳಿ ಬರುವ ವ್ಯವಸ್ಥೆಯಲ್ಲಿ ಆ ಎರಡೂ ತತ್ವಗಳ ನೆರಳಿದೆ. ಆಕೆ ಕಾಯಕವನ್ನೂ ಮಾಡಿದ್ದಾರೆ, ಬೊಕ್ಕಸಕ್ಕೆ ತನ್ನ ಪಾಲನ್ನೂ ಹಾಕಿದ್ದಾರೆ. ಈಗ ಕೇಳುತ್ತಿರುವುದು ಆ ಲೆಕ್ಕವನ್ನು ಸ್ವತಂತ್ರ ನ್ಯಾಯಾಧೀಶರೊಬ್ಬರು ಮತ್ತೊಮ್ಮೆ ನೋಡಲಿ ಎಂದಷ್ಟೇ.

ಅನಿವಾಸಿ ಸಮುದಾಯಗಳು ತಮ್ಮ ಯಶಸ್ಸಿನ ಚಿತ್ರವನ್ನು ಕಟ್ಟಿಕೊಳ್ಳುವಾಗ ಯಾರನ್ನು ಚೌಕಟ್ಟಿನಿಂದ ಹೊರಗಿಟ್ಟಿವೆ ಎಂದು ಕೇಳಿಕೊಳ್ಳುವ ಕಾಲ ಇದು. ಕನ್ನಡ ಕೂಟಗಳು ಯುಗಾದಿಗೆ, ರಾಜ್ಯೋತ್ಸವಕ್ಕೆ ಸಭಾಂಗಣ ತುಂಬಿಸುತ್ತವೆ. ಯಾರಾದರೂ ಕಷ್ಟದಲ್ಲಿದ್ದಾರೆಂದರೆ ಚಂದಾ ಎತ್ತುವ ಔದಾರ್ಯವೂ ಇದೆ. ಆದರೆ 405 ಡಾಲರು ಎತ್ತಿಕೊಡುವುದಕ್ಕಿಂತ ಕಷ್ಟದ, ಹೆಚ್ಚು ಗೌರವದ ಕೆಲಸವೊಂದಿದೆ: ಎರಡು ಗಂಟೆ ಆಕೆಯ ಪಕ್ಕದಲ್ಲಿ ಕುಳಿತು, ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳಿ, ಉತ್ತರಗಳನ್ನು ಆಕೆಯ ಮಾತಿನಲ್ಲೇ ಇಂಗ್ಲಿಷಿಗೆ ಇಳಿಸಿ, ಕೇಳಿದ್ದನ್ನು ಆ ಕೋಣೆಯಲ್ಲೇ ಬಿಟ್ಟು ಬರುವುದು. ಕೂಟದಲ್ಲಿರುವ ವಕೀಲರು ಹತ್ತಿರದ ಕಾನೂನು ನೆರವಿನ ಕಚೇರಿಯನ್ನು ತೋರಿಸಬಹುದು. ಇಂಥ ಪ್ರಕರಣಗಳನ್ನು ಗೆದ್ದರೆ ಮಾತ್ರ ಹಣ ಎಂಬ ಒಪ್ಪಂದದ ಮೇಲೆ ನಡೆಸುವ ವಕೀಲರಿದ್ದಾರೆ. ನ್ಯಾಯಾಲಯದ ಹಂತದಲ್ಲಿ ಅವರ ಶುಲ್ಕ ಬಾಕಿ ಭತ್ಯೆಯ ಶೇಕಡಾ 25ನ್ನು ಮೀರುವಂತಿಲ್ಲ, ಅದನ್ನೂ ನ್ಯಾಯಾಲಯ ಒಪ್ಪಬೇಕು. ಇಷ್ಟು ತಿಳಿವಳಿಕೆ ಒಂದು ಮನೆಯ ಅರವತ್ತು ದಿನಗಳನ್ನು ಉಳಿಸಬಲ್ಲದು.

ಪ್ರಕರಣದಲ್ಲಿ ಆಕೆ ಗೆಲ್ಲುತ್ತಾರೆಯೇ? ಹೇಳಲಾಗದು. ನ್ಯಾಯಾಲಯ ಇಲಾಖೆಯ ನಿರ್ಧಾರವನ್ನು ಎತ್ತಿಹಿಡಿಯಬಹುದು, ರದ್ದುಪಡಿಸಬಹುದು, ಮರುವಿಚಾರಣೆಗೆ ಹಿಂದಿರುಗಿಸಬಹುದು. ಶುಲ್ಕ ವಿನಾಯಿತಿ ಗೆಲುವಿನ ಭರವಸೆಯಲ್ಲ. ಸೋಲಾದರೂ ಅದು ವಾದ ಕೇಳಿದ ಮೇಲೆ ಆದ ಸೋಲಾಗಿರಲಿ ಎಂಬ ಏರ್ಪಾಟು.

ಐವತ್ತೆರಡನೆಯ ದಿನ ಆಕೆ ಸಹಿ ಹಾಕುತ್ತಾರೆ ಎಂದುಕೊಳ್ಳೋಣ. ಊದಿದ ಬೆರಳುಗಳ ನಡುವೆ ಪೆನ್ನು ನಿಲ್ಲುವುದಿಲ್ಲ, ಅಕ್ಷರ ಓರೆಯಾಗುತ್ತದೆ. ತಮ್ಮನೇ ಕಾರಿನಲ್ಲಿ ಕೋರ್ಟಿಗೆ ಕರೆದೊಯ್ದಿದ್ದಾನೆ. ಕೌಂಟರಿನ ಗುಮಾಸ್ತರು ಹಾಳೆಗಳನ್ನು ಎಣಿಸಿ, ತಾರೀಖಿನ ಮೊಹರು ಒತ್ತಿ, ಒಂದು ಪ್ರತಿಯನ್ನು ಹಿಂದಕ್ಕೆ ಕೊಡುತ್ತಾರೆ. ಅದರ ಮೇಲ್ಭಾಗದಲ್ಲಿ, ವಾದಿ ಎಂದಿರುವ ಕಡೆ, ಆಕೆಯ ಹೆಸರಿದೆ. ತಮ್ಮ ಅದನ್ನು ಓದಿ, ಮಡಿಸಿ, ಅಕ್ಕನ ಕೈಚೀಲದಲ್ಲಿಡುತ್ತಾನೆ.